ದಾಟುವ ದೋಣಿಯೂ ಹೇರುವ ದೋಣಿಯೂ

ಕನ್ನಡ ವಾಙ್ಮಯದಲ್ಲಿ ದೋಣಿಗೆ ಬರಗಾಲವಿಲ್ಲ. ವಚನಕಾರರಿಂದ ದಾಸರವರೆಗೆ, ತತ್ತ್ವಪದಗಳಿಂದ ಹೊಸಗನ್ನಡದ ಭಾವಗೀತೆಗಳವರೆಗೆ ಅದು ಎಡೆಬಿಡದೆ ತೇಲುತ್ತ ಬಂದಿದೆ. ಆದರೆ ಆ ದೋಣಿಯೊಳಗೆ ಇಣಿಕಿ ನೋಡಿದ ವಾಚಕನಿಗೆ ಒಂದು ಸಂಗತಿ ಗೋಚರವಾಗದೆ ಇರದು: ಅದರಲ್ಲಿ ಮನುಷ್ಯರಿದ್ದಾರೆ, ಸರಕಿಲ್ಲ. ಜೀವನು ಕುಳಿತಿದ್ದಾನೆ, ಅಂಬಿಗನು ಹುಟ್ಟು ಹಾಕುತ್ತಿದ್ದಾನೆ, ಆಚೆಯ ದಡವು ಮೋಕ್ಷವಾಗಿ ಹೊಳೆಯುತ್ತಿದೆ. ಹತ್ತಿಯ ಅಂಡಿಗೆಯಾಗಲಿ, ಮೆಣಸಿನ ಚೀಲವಾಗಲಿ, ಹಂಚಿನ ರಾಶಿಯಾಗಲಿ ಅಲ್ಲಿ ಕಾಣದು. ಅಂತೆಯೇ ಈಚೆಯ ದಡದಲ್ಲಿ ಆ ಸರಕನ್ನು ಹೊತ್ತು ತಂದು ಇಳಿಸುವ ಕಲ್ಲುಕಟ್ಟೆ, ಕರಾವಳಿಯ ಜನರು ಧಕ್ಕೆಯೆಂದು ಕರೆಯುವ ಆ ಉದ್ದನೆಯ ನೀರಂಚಿನ ಹಾದಿ, ಕನ್ನಡದ ಪ್ರಸಿದ್ಧ ಕೃತಿಗಳಲ್ಲಿ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ದಾಟುವ ದೋಣಿಯನ್ನು ಕವಿಗಳು ಕಂಡರು. ಹೇರುವ ದೋಣಿಯನ್ನು ಕಾಣಲಿಲ್ಲ. ಇದು ಒಂದು ವಸ್ತುವಿನ ಕೊರತೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಹುಬ್ಬಳ್ಳಿ-ಧಾರವಾಡಗಳ ಸಂಪತ್ತು ಒಂದು ಕಾಲಕ್ಕೆ ಯಾವ ಕಟ್ಟೆಯ ಮೇಲೆ ನಡೆದುಹೋಯಿತೋ ಆ ಕಟ್ಟೆಯ ಸುದ್ದಿಯನ್ನು ಇಲ್ಲಿಯವರು ಇಂದು ಇಂಗ್ಲಿಷಿನಲ್ಲಿ ಓದಿ ತಿಳಿಯಬೇಕಾಗಿದೆ.

ಧಕ್ಕೆ ಎಂಬ ಶಬ್ದವನ್ನು ಧಾರವಾಡದ ಸುಶಿಕ್ಷಿತ ಗೃಹಸ್ಥನ ಮುಂದೆ ಉಚ್ಚರಿಸಿದರೆ ಆತನು ಮಾನಕ್ಕೆ ಬಂದ ಧಕ್ಕೆ, ವ್ಯಾಪಾರಕ್ಕೆ ತಗಲಿದ ಧಕ್ಕೆಯೆಂದೇ ತಿಳಿಯುವನು. ಕಾರವಾರ, ಕುಮಟೆ, ಮಂಗಳೂರುಗಳಲ್ಲಿ ಅದೇ ಶಬ್ದಕ್ಕೆ ಹಡಗು ಬಂದು ತಾಗುವ ಕಟ್ಟೆಯೆಂಬ ಅರ್ಥವೂ ಉಂಟು. ಮರಾಠಿಯಲ್ಲಿಯೂ ಹೀಗೆಯೇ, ಮುಂಬಯಿಯ ಭಾವೂಚಾ ಧಕ್ಕಾ ಎಂಬ ಹೆಸರು ಅಲ್ಲಿಗೆ ಹೋಗಿಬಂದವರಿಗೆ ಪರಿಚಿತ. ತಾಗುವದೆಂಬ ಒಂದೇ ಕ್ರಿಯೆಯು ಘಟ್ಟದ ಕೆಳಗೆ ಬದುಕಾಯಿತು, ಮೇಲೆ ಪೆಟ್ಟಾಯಿತು. ಸಾಹಿತ್ಯವು ಎರಡನೆಯ ಅರ್ಥವನ್ನಷ್ಟೇ ಎತ್ತಿಕೊಂಡಿತು.

ಧಕ್ಕೆಯ ರಚನೆಯು ಮೇಲುನೋಟಕ್ಕೆ ಬಹು ಸರಳವಾದದ್ದು. ಅಳಿವೆಯ ಅಂಚಿಗೆ ಕಲ್ಲಿನಿಂದ ಕಟ್ಟಿದ ನೆಟ್ಟನೆಯ ಗೋಡೆ. ಅದರ ತಲೆಯ ಮೇಲೆ ಇಬ್ಬರು ಹಮಾಲರು ಎದುರುಬದುರಾಗಿ ಹಾಯುವಷ್ಟು, ಅನುಕೂಲವಿದ್ದಲ್ಲಿ ಚಕ್ಕಡಿ ತಿರುಗುವಷ್ಟು ಅಗಲವಾದ ಹಾದಿ. ಹಗ್ಗ ಸುತ್ತುವದಕ್ಕೆ ಗೂಟಗಳು. ಹಿಂದೆ ವಖಾರಿಗಳ ಸಾಲು. ಇದರ ಮರ್ಮವೆಲ್ಲ ಮಟ್ಟದಲ್ಲಿದೆ. ಕಡಲಿನ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವದು. ಉಬ್ಬರದಲ್ಲಿ ಮಚವೆಯ ಅಂಚೂ ಕಟ್ಟೆಯ ಅಂಚೂ ಸಮವಾದಾಗ ಒಂದು ಹಲಗೆ ಹಾಸಿದರೆ ಸಾಕು, ಹೊರೆ ಹೊತ್ತವನು ನೆಲದ ಮೇಲೆಂಬಂತೆ ನಡೆದುಹೋಗುವನು. ಇಳಿತದಲ್ಲಿ ಅದೇ ಮಚವೆಯು ಕೆಸರಿನಲ್ಲಿ ಕುಳಿತುಬಿಡುವದು, ಹಲಗೆಯು ಏಣಿಯಾಗುವದು. ಆದ್ದರಿಂದ ಧಕ್ಕೆಯ ಕೆಲಸಕ್ಕೆ ಹಗಲಿರುಳೆಂಬ ಭೇದವಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳೇ ಅಲ್ಲಿಯ ಗಡಿಯಾರ. ಧಕ್ಕೆಯಿಲ್ಲದ ಕಡೆಗೆ ಹಮಾಲನು ಎದೆಮಟ್ಟದ ನೀರಿನಲ್ಲಿ ತಲೆಯ ಮೇಲೆ ಸರಕಿಟ್ಟುಕೊಂಡು ದೋಣಿಯನ್ನು ಮುಟ್ಟಬೇಕು. ಉಪ್ಪಾದರೆ ಕರಗುವದು, ಹತ್ತಿ ತೊಯ್ದರೆ ಬಣ್ಣಗೆಟ್ಟು ಕೊಳೆಯುವದು. ಒಂದು ಮಾರು ಅಗಲದ ಈ ಕಲ್ಲಿನ ಹಾದಿಯು ಒಬ್ಬ ರೈತನ ವರುಷದ ಗಳಿಕೆಯನ್ನು ಉಳಿಸಲೂ ಬಲ್ಲದು, ಅದಿಲ್ಲದಿದ್ದರೆ ಕಳೆಯಲೂ ಬಲ್ಲದು.

ಘಟ್ಟದ ಮೇಲಿನ ಕವಿಗೆ ಇದು ಕಾಣದೆ ಹೋದುದಕ್ಕೆ ನೆಲವೇ ಒಂದು ಕಾರಣ. ಮಲಪ್ರಭೆ, ವರದೆ, ತುಂಗಭದ್ರೆಗಳು ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬಂಡೆಗಳ ನಡುವೆ ಸೊರಗುವ ಹೊಳೆಗಳು. ಅವುಗಳ ಗುಂಟ ಸರಕು ಸಾಗಿಸುವದು ದುಸ್ತರ. ಅಡ್ಡಲಾಗಿ ದಾಟುವದಷ್ಟೇ ಶಕ್ಯ. ಅದಕ್ಕೆ ಚರ್ಮ ಹೊದಿಸಿದ ದುಂಡನೆಯ ಹರಿಗೋಲು ಸಾಕು, ಕಟ್ಟೆ ಬೇಕಿಲ್ಲ. ಇನ್ನು ಕಾಲುವೆಯೆಂದರೆ ಕನ್ನಡಿಗನಿಗೆ ಗದ್ದೆಯ ನೀರು. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳು ಇಂದಿಗೂ ಹಂಪೆಯ ಸುತ್ತಲಿನ ಬಾಳೆಯ ತೋಟಗಳಿಗೆ ನೀರುಣಿಸುತ್ತವೆ. ನವಲಗುಂದ, ನರಗುಂದಗಳ ಕಡೆಯ ಮಲಪ್ರಭಾ ಕಾಲುವೆಯ ಏರಿಯ ಮೇಲೆ ಟ್ರ್ಯಾಕ್ಟರು ಓಡುವದೇ ಹೊರತು ದೋಣಿ ಕಟ್ಟುವ ಗೂಟವಿಲ್ಲ. ಅದೇ ತುಂಗಭದ್ರೆಯನ್ನು ಕರ್ನೂಲಿನ ಬಳಿಯ ಸುಂಕೇಸುಲದಲ್ಲಿ ತಡೆದು, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಕಡಪದವರೆಗೆ ಒಯ್ದ ಕಾಲುವೆಯು ನೀರಾವರಿಗೂ ದೋಣಿಸಂಚಾರಕ್ಕೂ ಎಂದು ಯೋಜಿತವಾಗಿತ್ತು. ಆದರೆ ಅದು ತೆಲುಗು ನಾಡಿನ ಮಾತು. ಕರಾವಳಿಯ ಸ್ಥಿತಿಯು ಇದಕ್ಕೆ ತೀರ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಘಟ್ಟವಿಳಿದ ಮೇಲೆ ಉಬ್ಬರದ ನೀರು ಹೊಗುವ ಅಳಿವೆಗಳಾಗಿ, ಯಾರೂ ತೋಡದ ಕಾಲುವೆಗಳಂತೆ ವರ್ತಿಸುತ್ತವೆ. ಕಾಳಿಯಲ್ಲಿ ಕದ್ರಾದವರೆಗೆ, ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿಗಳು ಹೋಗುತ್ತಿದ್ದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರಷ್ಟೆ. ಆ ಮೆಣಸು ಕಡಲನ್ನು ಸೇರಿದ್ದು ಹೊಳೆಯ ಬೆನ್ನಿನ ಮೇಲೆ.

ನೆಲದ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಬಿಗರ ಚೌಡಯ್ಯನ ಕಡೆಗೆ ತಿರುಗಬೇಕು. ೧೨ನೆಯ ಶತಮಾನದ ಈ ವಚನಕಾರನ ಹೆಸರಿನೊಡನೆ ಬೆಸೆದುಕೊಂಡಿರುವ ಚೌಡದಾನಪುರವು ತುಂಗಭದ್ರೆಯ ದಂಡೆಯ ಮೇಲಿದೆ. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಗುವ ವರೆಗೆ ಅದು ಧಾರವಾಡ ಜಿಲ್ಲೆಯದೇ ಊರು. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಈತನು ತನ್ನ ಹೆಸರನ್ನೇ, ಅದರಲ್ಲಿಯೂ ತನ್ನ ಕಾಯಕದ ಹೆಸರನ್ನು ಮುಂದೆ ಮಾಡಿ, ಇಟ್ಟುಕೊಂಡನು. ಇಂಥ ದಿಟ್ಟತನ ಬೇರೊಬ್ಬರಲ್ಲಿ ಸುಲಭವಾಗಿ ಸಿಕ್ಕದು. ಹೀಗಿದ್ದೂ ಆತನ ದೋಣಿಯು ಭವಸಾಗರದ ದೋಣಿಯಾಗಿಯೇ ವಾಚಕರ ಮನಸ್ಸಿನಲ್ಲಿ ನಿಂತಿದೆ. ಇದು ಚೌಡಯ್ಯನ ತಪ್ಪಲ್ಲ. ಆತನ ಹೊಳೆಯು ದಾಟುವ ಹೊಳೆ. ಅಡ್ಡ ಹಾಯುವ ದೋಣಿಯು ಆಚೆಯ ದಡವನ್ನು ನೆನೆಯದೆ ಇರಲಾರದು. ಹೊಳೆಯ ಗುಂಟ ಹೋಗುವ ದೋಣಿಗಾದರೋ ಆಚೆಯ ದಡವೆಂಬದೇ ಇಲ್ಲ. ಅದಕ್ಕೆ ಇರುವದು ಮುಂದಿನ ಕಟ್ಟೆ, ಅದರ ಮುಂದಿನ ಕಟ್ಟೆ. ಅಲ್ಲಿ ಮೋಕ್ಷದ ರೂಪಕವು ಸಹಜವಾಗಿ ಹುಟ್ಟಲಾರದು, ಲೆಕ್ಕವು ಹುಟ್ಟುವದು. ಆದರೂ ವಚನಕಾರರು ಹೊರೆಯನ್ನು ಅಲಕ್ಷಿಸಿದರೆಂದು ಹೇಳಲಾಗದು. ಕಟ್ಟಿಗೆಯ ಹೊರೆ ಹೊತ್ತು ಮಾರಿ ಬದುಕಿದನೆಂದು ಪರಂಪರೆಯು ಹೇಳುವ ಮೋಳಿಗೆಯ ಮಾರಯ್ಯನನ್ನು ಹೊರೆಯ ಹೆಸರಿನಿಂದಲೇ ಕರೆದವರು ಅವರು.

ಪುರಂದರದಾಸರ ಮಾತು ಇನ್ನೂ ಸ್ವಾರಸ್ಯವಾದದ್ದು. ಅಂಬಿಗನನ್ನು ನಂಬಿ ಕರೆಯುವ ಅವರ ಕೀರ್ತನೆಯು ಮನೆಮನೆಯ ಮಾತಾಗಿದೆ. ಅಲ್ಲಿ ದೋಣಿಯು ತೂತು ಬಿದ್ದ ದೇಹ. ಇದು ಮೇಲಿನ ಸಂಪ್ರದಾಯದ ಮುಂದುವರಿಕೆಯೇ. ಆದರೆ ಹರಿನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿದ ಅವರ ಇನ್ನೊಂದು ಕೀರ್ತನೆಯನ್ನು ವಿಮರ್ಶಕನ ಕಣ್ಣಿನಿಂದ ಓದಬೇಕು. ಈ ಸರಕಿಗೆ ಎತ್ತು ಬೇಡ, ಗೋಣಿ ಬೇಡ, ಬಾಡಿಗೆಯಿಲ್ಲ, ಸುಂಕವಿಲ್ಲವೆಂದು ಅವರು ಒಂದೊಂದಾಗಿ ಅಲ್ಲಗಳೆಯುತ್ತಾರೆ. ಅಲ್ಲಗಳೆಯುತ್ತ ಹೋದಂತೆ ಪೇಟೆಯ ಸರಕಿಗೆ ಏನೇನು ಉಂಟೋ ಅದೆಲ್ಲ ಕೇಳುವವನ ಕಣ್ಣಿಗೆ ಕಟ್ಟುವದು: ಹೇರಿದ ಎತ್ತುಗಳು, ಉಸಿರು ಬಿಗಿಹಿಡಿದು ತುರುಕಿದ ಚೀಲಗಳು, ಬಾಡಿಗೆಗಾಗಿ ಚೌಕಾಸಿ, ಕಟ್ಟೆಯ ಮೇಲೆ ಕುಳಿತ ಸುಂಕದವನು. ದಾಸರಾಗುವ ಮುಂಚೆ ಅವರು ದೊಡ್ಡ ವ್ಯಾಪಾರಿಗಳಾಗಿದ್ದರೆಂಬ ಐತಿಹ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೇರುವ ಇಳಿಸುವ ವ್ಯವಹಾರದ ಒಂದು ಅಚ್ಚುಕಟ್ಟಾದ ಚಿತ್ರವು ಹಳೆಯ ಪದ್ಯಸಾಹಿತ್ಯದಲ್ಲಿ ದೊರೆಯುವದು ಹೀಗೆ, ಬೇಡವೆಂದು ದೂರ ತಳ್ಳಿದ ಕಡೆಗೆ.

ಪ್ರೌಢಕಾವ್ಯಗಳಲ್ಲಿ ಅದೂ ಇಲ್ಲ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂಬ ಕಟ್ಟಳೆಯಲ್ಲಿ ನಗರವುಂಟು, ಸಮುದ್ರವುಂಟು. ನಗರವು ಸಮುದ್ರವನ್ನು ಮುಟ್ಟುವ ಜಾಗ ಮಾತ್ರ ಇಲ್ಲ. ಹೀಗಾಗಿ ಸಮುದ್ರವರ್ಣನೆಯೆಂದರೆ ರತ್ನ, ಹವಳ, ಮೊಸಳೆ, ಬಡಬಾಗ್ನಿಗಳ ಪಟ್ಟಿಯಾಗಿ ಬೆಳೆಯಿತು. ಕಡಲನ್ನು ಎಂದೂ ನೋಡದ ಕವಿಯೂ ಅದನ್ನು ಬರೆಯಬಲ್ಲನಾಗಿದ್ದನು. ಬರೆದವರಲ್ಲಿ ಹಲವರು ಅಂಥವರೇ ಇರಬೇಕು. ದೋಷವನ್ನು ಅಲಂಕಾರಶಾಸ್ತ್ರದ ಮೇಲೆ ಹೊರಿಸುವವರಿದ್ದಾರೆ. ಅದು ನ್ಯಾಯವಲ್ಲ. ವಸ್ತುವನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳ ಮೊದಲಿಗೇ ಇಟ್ಟಿದ್ದಾನೆ. ಆತನನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗವು ಅದನ್ನು ಕನ್ನಡಕ್ಕೆ ತಂದಿತು. ಬಾಗಿಲು ತೆರೆದಿತ್ತು, ಹೊಕ್ಕವರು ಕಡಿಮೆ.

ಹೊಕ್ಕವರು ಕವಿಗಳಲ್ಲ, ಶಾಸನ ಬರೆಸಿದವರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಪ್ರಶಸ್ತಿಯನ್ನೊಳಗೊಂಡ ಬಳ್ಳಿಗಾವೆಯ ಶಾಸನವನ್ನು ಸಾಹಿತ್ಯವೆಂದು ಓದುವವರು ವಿರಳ. ಅದರಲ್ಲಿ ನೆಲದ ದಾರಿ ನೀರಿನ ದಾರಿಗಳೆರಡರಿಂದಲೂ ದೇಶದೇಶಗಳನ್ನು ಹೊಕ್ಕು ಆನೆ, ಕುದುರೆ, ಮುತ್ತು, ನೀಲ, ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿಗಳನ್ನು ಸಗಟಾಗಿಯೂ ಹೆಗಲ ಮೇಲೆ ಹೊತ್ತು ಚಿಲ್ಲರೆಯಾಗಿಯೂ ಮಾರುವ ಜನರ ಹೆಮ್ಮೆಯು ಮೈದುಂಬಿ ನಿಂತಿದೆ. ಅತಿಶಯೋಕ್ತಿಯು ಅಲ್ಲಿಯೂ ಉಂಟು. ಆದರೆ ಆ ಅತಿಶಯೋಕ್ತಿಗೆ ತೂಕವಿದೆ, ವಾಸನೆಯಿದೆ. ಏಲಕ್ಕಿಯ ಹೆಸರು ಪ್ರಾಸಕ್ಕಾಗಿ ಬಂದದ್ದಲ್ಲ, ವ್ಯಾಪಾರಕ್ಕಾಗಿ ಬಂದದ್ದು.

ಈಗ ಹುಬ್ಬಳ್ಳಿಯ ಹತ್ತಿಯ ಮಾತು. ೧೯ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯು ಜಗತ್ತಿನ ಪೇಟೆಗಳಲ್ಲಿ ಕುಮಟಾ ಹತ್ತಿಯೆಂಬ ಹೆಸರಿನಿಂದ ಮಾರಾಟವಾಗುತ್ತಿತ್ತು. ಕುಮಟೆಯು ತೆಂಗು ಭತ್ತಗಳ ಊರು. ಅಲ್ಲಿ ಈ ಹತ್ತಿ ಬೆಳೆಯುವದಿಲ್ಲ. ಬಿತ್ತಿದ ಹೊಲದ ಹೆಸರನ್ನು ಹಿಂದೆ ಬಿಟ್ಟು ಹತ್ತಿಯು ತನ್ನನ್ನು ಹಡಗಿಗೇರಿಸಿದ ಬಂದರದ ಹೆಸರನ್ನು ಹೊತ್ತುಕೊಂಡು ಲಿವರ್‌ಪೂಲಿಗೆ ಹೋಯಿತು. ಹುಬ್ಬಳ್ಳಿಯಿಂದ ಸುಮಾರು ನೂರು ಮೈಲಿ. ಶಿರಸಿಯ ಮೇಲೆ ಹಾಯ್ದು ದೇವೀಮನೆ ಘಟ್ಟವನ್ನು ಇಳಿದರೆ ಕುಮಟೆ, ಯಲ್ಲಾಪುರದ ಮೇಲೆ ಅರಬೈಲು ಘಟ್ಟವನ್ನು ಇಳಿದರೆ ಕಾರವಾರ. ಮೊದಲು ಲಮಾಣಿಗಳ ಹೇರೆತ್ತುಗಳು, ರಸ್ತೆಯಾದ ಮೇಲೆ ಚಕ್ಕಡಿಗಳು. ಮಳೆ ಬೀಳುವದರೊಳಗಾಗಿ ಎಲ್ಲವೂ ಧಕ್ಕೆಯನ್ನು ಮುಟ್ಟಬೇಕು, ಏಕೆಂದರೆ ಮುಂಗಾರಿನಲ್ಲಿ ಕಡಲು ಮುಚ್ಚುವದು. ೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಹತ್ತಿ ಅಲ್ಲಿಯ ಹತ್ತಿ ಇಂಗ್ಲಂಡಕ್ಕೆ ಹೋಗುವದು ನಿಂತಾಗ ಈ ದಾರಿಯ ಬೆಲೆ ಒಮ್ಮೆಲೆ ಏರಿತು. ಉತ್ತರ ಕನ್ನಡವನ್ನು ೧೮೬೨ರಲ್ಲಿ ಮದ್ರಾಸ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರವನ್ನಾಗಿ ಮಾಡುವ ಹಂಬಲವಿತ್ತು. ಒಂದು ಜಿಲ್ಲೆಯ ಗಡಿಯನ್ನೇ ಕದಲಿಸುವಷ್ಟು ಬಲ ಈ ಕಟ್ಟೆಗಳಿಗಿತ್ತು!

ಬಲವಿದ್ದಲ್ಲಿ ಕಪಟವೂ ಇರುವದು. ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸುವದು, ಬೀಜ ಮಣ್ಣುಗಳನ್ನು ಬೆರೆಸುವದು ಎಷ್ಟು ಬೆಳೆಯಿತೆಂದರೆ ೧೮೬೩ರಲ್ಲಿ ಮುಂಬಯಿ ಸರಕಾರವು ಹತ್ತಿಯ ಮೋಸವನ್ನು ತಡೆಯಲೆಂದೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಬೆಳೆದ ರೈತ, ಕೊಂಡ ದಲಾಲ, ಹೊತ್ತ ಗಾಡಿಯವನು, ಒತ್ತಿ ಕಟ್ಟಿದವನು, ಇವರಲ್ಲಿ ನೀರು ಹಾಕಿದವರು ಯಾರು? ಈ ಪ್ರಶ್ನೆಯು ಮೊದಲು ಎದುರಾಗುವದು ಅಂಡಿಗೆಯನ್ನು ಬಿಚ್ಚಿ ನೋಡುವ ಸ್ಥಳದಲ್ಲಿ. ಕಾದಂಬರಿಕಾರನು ಹುಡುಕಿದರೂ ಇದಕ್ಕಿಂತ ಬಿಗಿಯಾದ ಸನ್ನಿವೇಶವು ಸಿಕ್ಕುವದು ಕಠಿಣ. ಅದನ್ನು ಎತ್ತಿಕೊಂಡ ಹೆಸರಾದ ಕನ್ನಡ ಕಾದಂಬರಿಯೊಂದನ್ನು ಹೇಳಲು ಹೋದರೆ ನಾಲಗೆ ತಡವರಿಸುವದು.

೧೮೮೩ರಲ್ಲಿ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ಕಾನಡಾ ಜಿಲ್ಲೆಯ ಸಂಪುಟವು ಇಂಗ್ಲಿಷಿನಲ್ಲಿ ಹೊರಬಂದಿತು. ಯಾವ ಬಂದರದಲ್ಲಿ ಏನು ಇಳಿಯುವದು, ಏನು ಏರುವದು, ದೋಣಿಗಳಲ್ಲಿ ಎಷ್ಟು ಬಗೆಯೆಂಬ ವಿವರಗಳು ಇಂದಿಗೂ ಅದರಲ್ಲಿಯೇ ಸಿಕ್ಕಬೇಕು. ಅದೇ ಸುಮಾರಿಗೆ, ಅಣ್ಣಂದಿರಾದ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ಕಾರವಾರಕ್ಕೆ ತರುಣ ರವೀಂದ್ರನಾಥ ಠಾಕೂರರು ಬಂದರು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದುದನ್ನೂ ಮರಳದಂಡೆಯ ಮೌನವನ್ನೂ ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಅಧಿಕಾರಿಯು ಎಣಿಸಿದನು, ಕವಿಯು ಕನಸಿದನು. ಆ ಎರಡರ ನಡುವೆ ನಿಂತ ಹಮಾಲನ ಪಾಲಿಗೆ ಬರಹಗಾರನಿರಲಿಲ್ಲ.

ಧಾರವಾಡದ ಬರಹಗಾರರು ಯಾಕೆ ಆತನ ಪಾಲಿಗೆ ಬರಲಿಲ್ಲವೆಂಬದಕ್ಕೆ ತಾರೀಖುಗಳೇ ಉತ್ತರ ಕೊಡುತ್ತವೆ. ೧೮೮೮ರಲ್ಲಿ ಮಾರ್ಮಗೋವಾ ಬಂದರಕ್ಕೆ ರೇಲ್ವೆಯ ಕೂಡುದಾರಿಯಾಯಿತು. ಹುಬ್ಬಳ್ಳಿಯ ಹತ್ತಿಯು ಡಬ್ಬಿಯನ್ನೇರಿ ಕುಮಟೆಯನ್ನು ಮರೆಯಿತು. ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದದ್ದು ೧೮೯೦ರಲ್ಲಿ. ಬೇಂದ್ರೆಯವರು ಹುಟ್ಟಿದ್ದು ೧೮೯೬ರಲ್ಲಿ. ಇಲ್ಲಿಯ ಹೊಸಗನ್ನಡವು ಕಣ್ಣು ತೆರೆಯುವಷ್ಟರಲ್ಲಿ ಘಟ್ಟದ ದಾರಿಯ ಚಕ್ಕಡಿಗಳ ಸದ್ದು ಅಡಗಿತ್ತು. ಧಕ್ಕೆಯನ್ನು ಬಲ್ಲ ತಲೆಮಾರು ಬರೆಯಲಿಲ್ಲ, ಬರೆದ ತಲೆಮಾರು ಧಕ್ಕೆಯನ್ನು ಬಲ್ಲದು ಎನ್ನುವಂತಿರಲಿಲ್ಲ. ಸವಣೂರಿನವರಾದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿಬಂದ ಮೇಲೆ ೧೯೪೦ರಲ್ಲಿ ಪ್ರಕಟಿಸಿದ ಸಮುದ್ರಗೀತೆಗಳು ಕನ್ನಡಕ್ಕೆ ಕಡಲಿನ ನಿಜವಾದ ಮೊರೆತವನ್ನು ತಂದವು. ಹಳೆಯ ವರ್ಣನೆಯ ರತ್ನಹವಳಗಳನ್ನು ಕೊಚ್ಚಿಹಾಕಿದ ಕೀರ್ತಿ ಅವಕ್ಕೆ ಸಲ್ಲಬೇಕು. ಆದರೂ ಅವುಗಳ ಜೀವವಿರುವದು ನಡುಗಡಲಿನಲ್ಲಿ, ಹಡಗಿನ ಮೇಲೆ ನಿಂತ ಪ್ರವಾಸಿಯ ಕಣ್ಣಿನಲ್ಲಿ. ದಂಡೆಯಲ್ಲಿ ಹುಟ್ಟಿ ಬೆಳೆದ ಕಣ್ಣು ಬೇರೆ. ಅದನ್ನು ಕೊಟ್ಟವರು ಕೋಟದ ಶಿವರಾಮ ಕಾರಂತರು. ಮರಳಿ ಮಣ್ಣಿಗೆ ಕಾದಂಬರಿಯಲ್ಲಿ ಕಡಲು ವರ್ಣನೆಗೆ ಬಂದದ್ದಲ್ಲ. ಮೂರು ತಲೆಮಾರಿನ ಒಂದು ಮನೆಯ ನೆರೆಯವನಂತೆ, ಕೆಲವೊಮ್ಮೆ ಸಾಲಗಾರನಂತೆ, ಬಾಗಿಲಿನಲ್ಲಿಯೇ ನಿಂತಿದೆ. ಹೆಣ್ಣುಮಕ್ಕಳ ದುಡಿಮೆಯನ್ನು ಅಷ್ಟು ನಿಷ್ಠುರವಾಗಿ ತೂಗಿ ನೋಡಿದ ಕೃತಿ ಅದಕ್ಕೂ ಮೊದಲು ಕನ್ನಡದಲ್ಲಿರಲಿಲ್ಲ. ಆದರೆ ಹೆಸರೇ ಹೇಳುವಂತೆ ಆ ಕಾದಂಬರಿಯ ಪ್ರೀತಿಯು ಮಣ್ಣಿನ ಮೇಲೆ. ನೀರಿನ ವ್ಯವಹಾರವು ಅದಕ್ಕೆ ಅಂಚು. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಧಕ್ಕೆಗೆ ಎಲ್ಲರಿಗಿಂತ ಹತ್ತಿರದವರು. ಅವರಿಂದ ಕಾಗದದ ಮೇಲೆ ಹನೇಹಳ್ಳಿಯು ಅಳಿಯದಂತೆ ಉಳಿಯಿತು. ಆದರೆ ಅವರ ಮನಸ್ಸನ್ನು ಸೆಳೆದದ್ದು ಊರು ಬಿಟ್ಟು ಮುಂಬಯಿಗೆ ಹೋದವನ ಒಳಗಿನ ಹೊರೆ. ಹೊರಗಿನ ಹೊರೆ ಹಾಗೆಯೇ ಉಳಿಯಿತು.

ಹೊರೆ ಹೊರುವದರಲ್ಲಿ ರಸವೇನಿದೆಯೆಂದು ಕೇಳುವವರಿಗೆ ಚೋಮನ ದುಡಿಯೇ ಉತ್ತರ ಹೇಳಿ ಬಹಳ ವರುಷಗಳಾದವು. ವಿಚಾರಿಸಬೇಕಾದ ಆಕ್ಷೇಪ ಬೇರೊಂದಿದೆ. ಧಕ್ಕೆಯ ಮಾತು ಶುದ್ಧ ಕನ್ನಡವಲ್ಲ. ಅಲ್ಲಿ ಕೊಂಕಣಿ, ಮರಾಠಿ, ಉರ್ದು, ಗುಜರಾತಿಗಳೆಲ್ಲ ಕಲೆತಿವೆ, ಅದು ಕನ್ನಡ ಸಾಹಿತ್ಯದ ವಸ್ತು ಹೇಗಾದೀತೆಂಬದು ಆ ಆಕ್ಷೇಪ. ಬಂದರವು ಪಾರಸಿ, ಹಮಾಲನು ಅರಬ್ಬಿ, ಧಕ್ಕೆ ವಖಾರಿಗಳು ಮರಾಠಿಗೂ ಕನ್ನಡಕ್ಕೂ ಸಮಾನವೆಂಬದು ನಿಜ. ಆದರೆ ಹೇರು, ಹೊರೆ, ಇಳುಕು, ಹುಟ್ಟು, ಹಾಯಿ, ಅಳಿವೆ, ಉಬ್ಬರ, ಇಳಿತ, ಇವೆಲ್ಲ ಎಲ್ಲಿಯ ಶಬ್ದಗಳು? ಹಬ್ಬದೂಟಕ್ಕೆ ಕುಳಿತ ಪಂಕ್ತಿಯಂತೆ ಎರಡು ಬಗೆಯವೂ ಒಂದೇ ವಾಕ್ಯದಲ್ಲಿ ಕೂಡ್ರಬಲ್ಲವು. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯ ಮಾತನ್ನು ಅದರ ಮಿಶ್ರಣ ಸಹಿತ ಒಪ್ಪಿಕೊಂಡ ವಾಚಕರಿಗೆ ಕುಮಟೆಯ ಮಾತು ಭಾರವಾಗದು. ಶಬ್ದಗಳೂ ಕಾಯುತ್ತ ಕೂಡ್ರಲಾರವು. ಪತೇಮಾರಿ, ಮಚವೆಗಳೆಂದರೆ ಏನೆಂದು ಕರಾವಳಿಯ ಹುಡುಗರಿಗೇ ಬಿಡಿಸಿ ಹೇಳಬೇಕಾದ ದಿನಗಳು ಬಂದಿವೆ.

ಬರೆಯಬೇಕೆನ್ನುವವನು ಹಳೆಯ ದಫ್ತರಗಳನ್ನೇ ಕೆದಕಬೇಕೆಂದಿಲ್ಲ. ಮಂಗಳೂರಿನ ಹಳೆಯ ಬಂದರದ ಧಕ್ಕೆಯಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಅಕ್ಕಿ, ಬೆಲ್ಲ, ಉಳ್ಳಾಗಡ್ಡಿ, ಕಾಯಿಪಲ್ಲೆಗಳಿಂದ ಹಿಡಿದು ಮನೆ ಕಟ್ಟುವ ಜಲ್ಲಿಯವರೆಗೆ ತುಂಬಿಕೊಳ್ಳುತ್ತವೆ. ಬರುವಾಗ ಕೊಬ್ಬರಿ, ಒಣಮೀನು. ಮುಂಗಾರು ಬಂದಿತೆಂದರೆ ಅವು ಹಗ್ಗ ಬಿಗಿದುಕೊಂಡು ಹೊಳೆಯೊಳಗೆ ನಿಲ್ಲುತ್ತವೆ. ಉಳಿದ ತಿಂಗಳುಗಳಲ್ಲಿ ಹಲಗೆಯು ಕಟ್ಟೆಯಿಂದ ಮಂಜಿಗೆ ಇಳಿದಿರುವದು. ಮೇಲೆ ಚೀಲ ಹೊತ್ತ ಸಾಲು ಒಂದು ಕಡೆಯಿಂದ, ಬರಿಗೈಯ ಸಾಲು ಇನ್ನೊಂದು ಕಡೆಯಿಂದ.